ಸರಸ್ವತಿಪುರಂನ ಮನೆಪಾಠದ ಸ್ಪ್ಯಾನಿಷ್ ಕ್ಲಾಸ್, ಏಳು ತಿಂಗಳು ಹೋದ್ಮೇಲೆ ಬರೀತಿರೋ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಈ ಕ್ಲಾಸಿಗೆ ಬೋರ್ಡ್ ಇಲ್ಲ, ಹೆಸರೂ ಇಲ್ಲ, ಮೇಡಂ ಮನೆ ಹಾಲ್‌ನಲ್ಲೇ ಪಾಠ, ಹೆಸರು ನಂಬರ್ ಎಲ್ಲೂ ಹಾಕ್ಬೇಡಿ ಅಂತ ಅವರೇ ಕೇಳ್ಕೊಂಡಿರೋದ್ರಿಂದ ನಾನು ಹಾಕ್ತಿಲ್ಲ. ಸರಸ್ವತಿಪುರಂನಲ್ಲಿ ಕುಕ್ಕರಹಳ್ಳಿ ಕೆರೆ ಕಡೆಗೆ ಅಂತ ಇಟ್ಕೊಳಿ. ಶನಿವಾರ ಭಾನುವಾರ ಸಂಜೆ 4ರಿಂದ 5.30, ಬ್ಯಾಚಲ್ಲಿ ಆರು ಜನ, ತಿಂಗಳಿಗೆ 1800 ರೂಪಾಯಿ. ಇದನ್ನ ಇಷ್ಟುದ್ದ ಬರೀತಿರೋದು ಯಾಕಂದ್ರೆ ಸ್ಪ್ಯಾನಿಷ್ ಕಲಿಯೋಕೆ ಹೋಗಿ ಕ್ರಿಯಾಪದಗಳ ಹತ್ರ ಸಿಕ್ಕಾಕ್ಕೊಂಡು ಬಿಟ್ಟುಬಿಟ್ಟವರು ನನ್ನ ಪರಿಚಯದಲ್ಲೇ ಮೂರು ಜನ ಇದಾರೆ, ನಾನೂ ಬಿಡೋದ್ರಲ್ಲಿದ್ದೆ.

ನಾನು ಹುಟ್ಟಿ ಬೆಳೆದಿದ್ದು ಮಂಡ್ಯ, ಮದುವೆ ಆಗಿ ಬಂದಿದ್ದು ಮೈಸೂರು ಗೋಕುಲಂಗೆ. ಯೋಗ ಗುರು ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂ ಬಿಟ್ಟು ಗೋಕುಲಂನಲ್ಲಿ ಶಾಲೆ ಮಾಡಿದ್ಮೇಲೆ ಇಲ್ಲಿ ಅಷ್ಟಾಂಗ ಯೋಗ ಕಲಿಯೋಕೆ ಬರೋ ವಿದೇಶದವರಿಗೆ ರೂಮ್ ಕೊಡೋ ಮನೆಗಳು ಬೇಕಾದಷ್ಟಾದ್ವು, ನಮ್ಮದೂ ಅಂಥದ್ದೇ ಒಂದು, ಮಹಡಿ ಮೇಲಿನ ಎರಡು ರೂಮು. ಬರೋರಲ್ಲಿ ಸ್ಪೇನ್, ಅರ್ಜೆಂಟೀನಾ, ಮೆಕ್ಸಿಕೋ ಕಡೆಯವರು ತುಂಬಾ, ಅವರಲ್ಲಿ ಕೆಲವರಿಗೆ ಇಂಗ್ಲಿಷ್ ನಮ್ಮಷ್ಟೇ, ಕೆಲವರಿಗೆ ನಮಗಿಂತ ಕಮ್ಮಿ. ಎರಡು ವರ್ಷದ ಹಿಂದೆ ಒಬ್ಬಳು ಹುಡುಗಿಗೆ ರಾತ್ರಿ ಹೊತ್ತು ವಾಂತಿ ಜ್ವರ ಶುರುವಾಗಿ, ಡಾಕ್ಟರ್ ಫೋನ್ ಎತ್ತಿದ್ರು, ಅವರನ್ನ ಕೇಳ್ತೀನಿ ಏನು ಕೊಡ್ಬೇಕು ಅಂತ, ಇಷ್ಟನ್ನ ಅವಳ ಭಾಷೇಲಿ ಹೇಳೋಕೆ ಹೋಗಿ ನಾನು ಪೆದೀರ್ ಅಂದೆ. ಅದು ಏನಾದ್ರೂ ಬೇಕು ಅಂತ ಕೇಳೋದು, ಹೋಟೆಲಲ್ಲಿ ದೋಸೆಗೆ ಆರ್ಡರ್ ಕೊಡೋ ಕೇಳೋದು. ನಾನು ಹೇಳ್ಬೇಕಾಗಿದ್ದಿದ್ದು ಪ್ರೆಗುಂತಾರ್. ಆ ಹುಡುಗಿ ನಾನು ಡಾಕ್ಟರ್ ಹತ್ರ ದುಡ್ಡೋ ಔಷಧಿಯೋ ಬೇಡ್ಕೊತಿದೀನಿ ಅನ್ಕೊಂಡು ಗಾಬರಿಯಿಂದ ಪರ್ಸ್ ತೆಗೆಯೋಕೆ ಎದ್ಲು, ಆ ಸ್ಥಿತೀಲಿ. ಅವತ್ತು ನನಗೆ ತುಂಬಾ ಬೇಜಾರಾಯ್ತು, ಇದನ್ನ ಸರಿಯಾಗೇ ಕಲೀಬೇಕು ಅನ್ನಿಸ್ತು.

ಅದಕ್ಕಿಂತ ಮುಂಚೆ ನಾನು ಕಲ್ತಿದ್ದು ಒಂದು ಆನ್‌ಲೈನ್ ಕೋರ್ಸಲ್ಲಿ, ದುಡ್ಡು ಜಾಸ್ತೀನೇ ಕೊಟ್ಟಿದ್ದೆ, ಹೆಸರು ಬೇಡ. ಎಲ್ಲಾ ರೆಕಾರ್ಡೆಡ್ ವಿಡಿಯೋ, ಎಲ್ಲಾ ಇಂಗ್ಲಿಷಿಂದ. ಇಂಗ್ಲಿಷಲ್ಲಿ ಆಸ್ಕ್ ಅನ್ನೋದಕ್ಕೆ ಸ್ಪ್ಯಾನಿಷಲ್ಲಿ ಎರಡು, ನೋ ಅನ್ನೋದಕ್ಕೆ ಎರಡು, ಬಿ ಅನ್ನೋದಕ್ಕೆ ಎರಡು, ಪ್ಲೇಗೆ ಎರಡು, ಲೀವ್‌ಗೆ ಎರಡು, ಹಿಂಗೇ ಟೇಬಲ್ ಮೇಲೆ ಟೇಬಲ್. ಬಾಯಿಪಾಠ ಮಾಡಿದ್ದೆ ಎಲ್ಲಾನೂ. ಆದ್ರೆ ಮಾತಾಡೋ ಹೊತ್ತಲ್ಲಿ ನನ್ನ ತಲೆ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿಂದ ಸ್ಪ್ಯಾನಿಷಿಗೆ ಎರಡು ಸಲ ಹೊಳೆ ದಾಟ್ಬೇಕು, ಅಷ್ಟರಲ್ಲಿ ಎದುರಿಗಿದ್ದವರು ಕೈ ಸನ್ನೇಲಿ ಮುಗಿಸಿರ್ತಿದ್ರು.

ಈ ಮೇಡಂ ಮಾಡೋದು ಒಂದೇ ಕೆಲಸ, ಆ ನಡುವಿನ ಹೊಳೇನ ತೆಗೆದುಹಾಕ್ತಾರೆ. ಮೊದಲನೇ ದಿನಾನೇ ನೋಟ್‌ಬುಕ್ ಮಧ್ಯಕ್ಕೆ ಗೆರೆ ಎಳೆಸಿ ಎಡಗಡೆ ಕನ್ನಡ ಬಲಗಡೆ ಸ್ಪ್ಯಾನಿಷ್, ಇಂಗ್ಲಿಷ್ ಬರೆಯೋ ಹಾಗಿಲ್ಲ ಅಂದ್ರು. ಎಡಗಡೆ ಕೂಡ ಪುಸ್ತಕದ ಕನ್ನಡ ಅಲ್ಲ, ಮನೇಲಿ ಮಾತಾಡೋ ಕನ್ನಡ. ಉಚ್ಚಾರಣೆಗೂ ಅದೇ, ಸ್ಪ್ಯಾನಿಷಿನ ತ ದ ನಮ್ಮ ತ ದ ಥರಾನೇ ಹಲ್ಲಿಗೆ ನಾಲಿಗೆ ತಾಗಿಸಿ ಹೇಳೋದು, ಇಂಗ್ಲಿಷಿನ ಟ ಡ ತರಬೇಡಿ ಅಂತ, ಅದು ಎರಡೇ ವಾರದಲ್ಲಿ ಸರಿಹೋಯ್ತು.

ಕೇಳು ಅನ್ನೋದ್ರಿಂದಲೇ ಶುರು ಮಾಡಿದ್ರು, ನನಗಂತೂ ಆ ರಾತ್ರಿ ನೆನಪಾಯ್ತು. ನಮ್ಮಲ್ಲಿ ದಾರೀನೂ ಕೇಳ್ತೀವಿ, ಸಾಲಾನೂ ಕೇಳ್ತೀವಿ, ಹಾಡೂ ಕೇಳ್ತೀವಿ, ಪಕ್ಕದ ಮನೆ ಜಗಳಾನೂ ಕೇಳುತ್ತೆ. ಸ್ಪ್ಯಾನಿಷಿಗೆ ಇವು ನಾಲ್ಕೂ ಬೇರೆ ಬೇರೆ. ಕೇಳಿದ್ಮೇಲೆ ಕಿವಿಗೆ ಒಂದು ಉತ್ತರ ಬರ್ಬೇಕಿದ್ರೆ ಪ್ರೆಗುಂತಾರ್, ಕೈಗೆ ಏನಾದ್ರೂ ಬರ್ಬೇಕಿದ್ರೆ ಪೆದೀರ್, ಕೈಗೆ ಅಂದ್ರೆ ವಸ್ತು ಮಾತ್ರ ಅಲ್ಲ, ಸಹಾಯ ಕೇಳೋದು, ಪರ್ಮಿಷನ್ ಕೇಳೋದು, ಕ್ಷಮೆ ಕೇಳೋದು ಎಲ್ಲಾ ಪೆದೀರ್‌ಗೇ ಸೇರಿದ್ದು. ಬೇಕು ಅಂತ ಗಮನ ಕೊಟ್ಟು ಕೇಳಿದ್ರೆ ಎಸ್ಕುಚಾರ್, ತಾನಾಗೇ ಕಿವಿಗೆ ಬಿದ್ರೆ ಒಈರ್, ಅದಕ್ಕೆ ನಮ್ಮಲ್ಲಿ ಕೇಳಿಸ್ತು ಅನ್ನೋದು ಇದೆಯಲ್ಲ ಅದು. ಇಲ್ಲಿ ಇಂಗ್ಲಿಷೇ ನಮಗಿಂತ ಪರವಾಗಿಲ್ಲ, ಆಸ್ಕ್ ಬೇರೆ ಲಿಸನ್ ಬೇರೆ ಇಟ್ಕೊಂಡಿದೆ, ಅದನ್ನ ಮೇಡಂ ಮುಚ್ಚಿಡಲಿಲ್ಲ, ಕನ್ನಡ ಎಲ್ಲಿ ನಮಗೆ ಸಹಾಯ ಮಾಡುತ್ತೆ ಎಲ್ಲಿ ಕೈ ಕೊಡುತ್ತೆ ಎರಡೂ ಹೇಳ್ತಾರೆ, ಅದಕ್ಕೇ ನನಗೆ ಅವರ ಪಾಠದ ಮೇಲೆ ನಂಬಿಕೆ ಬಂದಿದ್ದು. ಪೆದೀರ್ ಇನ್ನೊಂದು ತೊಂದ್ರೆ ಕೊಡುತ್ತೆ, ನಾನು ಕೇಳ್ತೀನಿ ಅನ್ನುವಾಗ ಪೀದೊ ಆಗುತ್ತೆ, ನಾವು ಕೇಳ್ತೀವಿ ಅನ್ನುವಾಗ ಮತ್ತೆ ಪೆದೀಮೊಸ್‌ಗೆ ವಾಪಸ್. ಪ್ರೆಗುಂತಾರ್ ಪಾಪ ಹೀಗೆ ಒಳಗಡೆ ಎಲ್ಲೂ ಬದಲಾಗಲ್ಲ.

ಈಗ ನಿಜವಾಗ್ಲೂ ದುಡ್ಡಿಗೆ ಮೋಸ ಇಲ್ಲ ಅನ್ನಿಸಿದ ಪಾಠಕ್ಕೆ ಬರ್ತೀನಿ, ಸಬೇರ್ ಮತ್ತೆ ಕೊನೊಸೇರ್. ಇಂಗ್ಲಿಷಲ್ಲಿ ಎರಡಕ್ಕೂ ನೋ ಅಂತಾರೆ, ಅದಕ್ಕೆ ಇಂಗ್ಲಿಷಿಂದ ಕಲಿಯೋರಿಗೆ ಇದು ದೊಡ್ಡ ತಲೆನೋವು. ನಮಗೆ ತಲೆನೋವೇ ಅಲ್ಲ, ನಾವು ಹುಟ್ಟಿದಾಗಿಂದ ಇವನ್ನ ಬೇರೆ ಮಾಡ್ಕೊಂಡೇ ಮಾತಾಡ್ತಿದೀವಿ. ಗೊತ್ತು ಅಂದ್ರೆ ಸಬೇರ್, ಪರಿಚಯ ಅಂದ್ರೆ ಕೊನೊಸೇರ್. ಬಸ್ ಎಷ್ಟು ಗಂಟೆಗೆ ಅಂತ ಗೊತ್ತು, ಸಬೇರ್. ಡ್ರೈವರ್ ಪರಿಚಯ, ಕೊನೊಸೇರ್. ಊರಿಗೂ ಅಷ್ಟೇ, ಮೇಲುಕೋಟೆ ಎಲ್ಲಿದೆ ಅಂತ ಗೊತ್ತು ಆದ್ರೆ ಹೋಗಿಲ್ಲ ಅಂದ್ರೆ ಸಬೇರ್ ತನಕ ಮಾತ್ರ, ಹೋಗಿ ಬೆಟ್ಟ ಹತ್ತಿ ಕಲ್ಯಾಣಿ ಮೆಟ್ಟಿಲ ಮೇಲೆ ಕೂತು ಪುಳಿಯೋಗರೆ ತಿಂದು ಬಂದಿದ್ರೆ ಕೊನೊಸೇರ್. ಇನ್ನು ಈಜು ಬರುತ್ತೆ, ಅಡುಗೆ ಬರುತ್ತೆ, ಹಿಂದಿ ಬರುತ್ತೆ ಅಂತೀವಲ್ಲ, ಆ ಬರುತ್ತೆ ಕೂಡ ಸಬೇರ್. ಸೆ ನಾದಾರ್ ಅಂದ್ರೆ ನನಗೆ ಈಜೋಕೆ ಬರುತ್ತೆ. ಇಲ್ಲಿ ಇಂಗ್ಲಿಷಿನ ಕ್ಯಾನ್ ಹಿಡ್ಕೊಂಡು ಪೊದೇರ್ ಅಂತ ಹೇಳಿದ್ರೆ ಅರ್ಥ ಬೇರೆ ಆಗ್ಬಿಡುತ್ತೆ, ನೊ ಪುಎದೊ ನಾದಾರ್ ಅಂದ್ರೆ ಈಜು ಬರಲ್ಲ ಅಂತ ಅಲ್ಲ, ಇವತ್ತು ಕಾಲು ನೋವು ಈಜೋಕಾಗಲ್ಲ ಅಂತ. ಬರಲ್ಲ, ಆಗಲ್ಲ. ನಮ್ಮ ಎರಡೂ ಮಾತು ಅಲ್ಲೂ ಎರಡೇ.

ಭೂತಕಾಲಕ್ಕೆ ಬಂದಾಗ ಇನ್ನೂ ಚೆನ್ನಾಗಿದೆ. ಸ್ಪ್ಯಾನಿಷಲ್ಲಿ ಆಗಿಹೋಗಿದ್ದು ಹೇಳೋಕೆ ಎರಡು ಥರ ಇದೆ, ಒಂದು ಥಟ್ ಅಂತ ಆಗಿ ಮುಗಿದಿದ್ದು, ಇನ್ನೊಂದು ಆಗ ಹಾಗೇ ಇರ್ತಿತ್ತು ಅನ್ನೋದು. ಸಬೀಆ ಮತ್ತೆ ಸೂಪೆ, ಕೊನೊಸೀಆ ಮತ್ತೆ ಕೊನೊಸೀ, ನನ್ನ ಹಳೇ ಕೋರ್ಸಲ್ಲಿ ಇದನ್ನ "ಅರ್ಥ ಬದಲಾಗುವ ವಿಶೇಷ ಕ್ರಿಯಾಪದಗಳು" ಅಂತ ಬೇರೇನೇ ಚಾಪ್ಟರ್ ಮಾಡಿ ಕೊಟ್ಟಿದ್ರು, ನಾನು ಆರು ಸಲ ಓದಿದೀನಿ ಅದನ್ನ. ಮೇಡಂ ಬೋರ್ಡ್ ಮೇಲೆ ನಾಲ್ಕೇ ಪದ ಬರೆದ್ರು. ಗೊತ್ತಿತ್ತು, ಗೊತ್ತಾಯ್ತು. ಪರಿಚಯ ಇತ್ತು, ಪರಿಚಯ ಆಯ್ತು. ಸಬೀಆ ಗೊತ್ತಿತ್ತು, ಸೂಪೆ ಗೊತ್ತಾಯ್ತು. ಕೊನೊಸೀಆ ಪರಿಚಯ ಇತ್ತು, ಕೊನೊಸೀ ಪರಿಚಯ ಆಯ್ತು. ಅಷ್ಟೇ. ನನ್ನ ಯಜಮಾನ್ರು ನನಗೆ ಮಂಡ್ಯದಲ್ಲೇ ಪರಿಚಯ ಆಗಿದ್ದು, ಕೊನೊಸೀ. ಅವರಮ್ಮನ್ನ ಅದಕ್ಕೂ ಮುಂಚಿಂದ ಪರಿಚಯ ಇತ್ತು, ಕೊನೊಸೀಆ. ಕ್ಲಾಸಲ್ಲಿ ಆ ಕ್ಷಣ ಎಲ್ಲರೂ ಒಂದು ಸಲ ಸುಮ್ಮನಾಗಿ ಆಮೇಲೆ ಒಟ್ಟಿಗೇ ಓ ಅಂದ್ವಿ, ನನ್ನ ಪಕ್ಕ ಕೂರೋ ರಿಟೈರ್ಡ್ ಮೇಷ್ಟ್ರು ಒಬ್ಬರು ಇದನ್ನ ಯಾರೂ ಯಾಕೆ ಬರೆದಿಟ್ಟಿಲ್ಲ ಅಂತ ಕೇಳಿದ್ರು, ಅದಕ್ಕೇ ನಾನು ಇಲ್ಲಿ ಬರೀತಿದೀನಿ.

ಇಂಗ್ಲಿಷಿನ ಬಿ ಅನ್ನೋದಕ್ಕೆ ಎರಡು ಅಂದ್ನಲ್ಲ, ಆ ಸೇರ್, ಎಸ್ತಾರ್ ಬಗ್ಗೆ ಮೂರು ವಾರ ಪಾಠ ಆಯ್ತು. ಎಲ್ಲಾ ಕಡೆ ಹೇಳಿಕೊಡೋದು ಶಾಶ್ವತ ಆದ್ರೆ ಸೇರ್, ತಾತ್ಕಾಲಿಕ ಆದ್ರೆ ಎಸ್ತಾರ್ ಅಂತ. ಅದನ್ನ ನಂಬ್ಕೊಂಡ್ರೆ ಕೆಟ್ವಿ, ಯಾಕಂದ್ರೆ ಸತ್ತಿದಾನೆ ಅನ್ನೋದಕ್ಕಿಂತ ಶಾಶ್ವತ ಯಾವುದಿದೆ, ಅದಕ್ಕೆ ಎಸ್ತಾ ಮ್ವೆರ್ತೊ ಅಂತ ಎಸ್ತಾರೇ ಬರೋದು, ಚಾಮುಂಡಿ ಬೆಟ್ಟ ಮೈಸೂರು ಬಿಟ್ಟು ಎಲ್ಲೂ ಹೋಗಲ್ಲ, ಅದಕ್ಕೂ ಎಸ್ತಾರೇ. ಮೇಡಂ ಕೊಟ್ಟ ದಾರಿ ಹೀಗಿದೆ. ಕನ್ನಡದಲ್ಲಿ ಕ್ರಿಯಾಪದಾನೇ ಇಲ್ದೆ ಹೇಳೋ ಮಾತೆಲ್ಲ ಸೇರ್. ನಾನು ಮಂಡ್ಯದವಳು. ಅವಳು ಡಾಕ್ಟರ್. ಇವತ್ತು ಭಾನುವಾರ. ಇದು ನಮ್ಮನೆ. ಎಲ್ಲಿದೆ ಕ್ರಿಯಾಪದ ಇದರಲ್ಲಿ, ಇಲ್ಲ, ಅಲ್ಲೆಲ್ಲ ಸೇರ್ ಹಾಕಿ. ಇದೆ, ಆಗಿದೆ ಅಂತ ಬಂದ್ರೆ ಬಹಳಷ್ಟು ಸಲ ಎಸ್ತಾರ್. ಹಾಲು ಫ್ರಿಜ್‌ನಲ್ಲಿದೆ, ಕಾಫಿ ತಣ್ಣಗಾಗಿದೆ, ಬಾಗಿಲು ತೆಗೆದಿದೆ, ಅಮ್ಮಂಗೆ ಸುಸ್ತಾಗಿದೆ. ಎಸ್ತಾರ್ ಹುಟ್ಟಿದ್ದು ನಿಲ್ಲು ಅನ್ನೋ ಅರ್ಥದ ಲ್ಯಾಟಿನ್ ಸ್ತಾರೆ ಇಂದ, ಅದೂ ಸಂಸ್ಕೃತದ ಸ್ಥಾ ಕೂಡ ಒಂದೇ ಮೂಲದ್ದು, ಹಾಗಾಗಿ ಎಸ್ತಾರ್ ಅಂದಾಗ ಸ್ಥಿತಿ ಅಂತ ನೆನೆಸ್ಕೊಳಿ ಅಂದ್ರು, ಯಾವ ಸ್ಥಿತೀಲಿದೆ, ಯಾವ ಸ್ಥಳದಲ್ಲಿದೆ.

ಇದೂ ನೂರಕ್ಕೆ ನೂರು ಸಾಗಲ್ಲ, ಎಲ್ಲಿ ಸಾಗಲ್ಲ ಅನ್ನೋದನ್ನ ಬಿಟ್ರೆ ಈ ರಿವ್ಯೂ ಅರ್ಧ ಆಗುತ್ತೆ. ಮನೆ ದೊಡ್ಡದಾಗಿದೆ ಅಂತೀವಿ, ಅಲ್ಲಿ ಸೇರ್ ಬರುತ್ತೆ. ಮದುವೆ ಮಂಡ್ಯದಲ್ಲಿದೆ ಅಂತೀವಿ, ಅಲ್ಲೂ ಸೇರ್, ಯಾಕಂದ್ರೆ ಮದುವೆ ಮೀಟಿಂಗ್ ಸಂಗೀತ ಕಚೇರಿ ಇವು ನಡೆಯೋ ಸಂಗತಿಗಳು, ಇಟ್ಟಿರೋ ವಸ್ತು ಅಲ್ಲ, ನಡೆಯೋ ಜಾಗಕ್ಕೆ ಸೇರ್, ಛತ್ರ ಎಲ್ಲಿದೆ ಅಂದ್ರೆ ಮಾತ್ರ ಎಸ್ತಾರ್. ಹುಡುಗಿ ಚೆನ್ನಾಗಿದಾಳೆ ಅನ್ನೋ ಮಾತಂತೂ ಎರಡು ಅಲಗಿನ ಕತ್ತಿ, ನೋಡೋಕೆ ಚೆಂದ ಅಂತಾನಾ ಆರೋಗ್ಯವಾಗಿದಾಳೆ ಅಂತಾನಾ, ಮೊದಲನೇದು ಸೇರ್‌ನ ಎಸ್ ಹಾಕಿ ಎಸ್ ಗುಆಪಾ, ಎರಡನೇದು ಎಸ್ತಾ ಬಿಯೆನ್. ಎಸ್ತಾ ಬುಎನಾ ಅಂತ ಮಾತ್ರ ಯಾವ ಹೆಣ್ಣುಮಗಳ ಬಗ್ಗೇನೂ ಹೇಳಕೂಡದು, ಅದು ಅವಳ ಮೈಮೇಲೆ ಕಣ್ಣಿಟ್ಟು ಆಡೋ ಮಾತಾಗುತ್ತೆ, ಅದನ್ನ ಮೇಡಂ ಎರಡು ಸಲ ಒತ್ತಿ ಹೇಳಿದ್ರು. ಹೋದ ಬೇಸಿಗೇಲಿ ನಮ್ಮಲ್ಲಿದ್ದ ಮೆಕ್ಸಿಕೋ ಹುಡುಗ ಬುಟ್ಟೀಲಿದ್ದ ಬಾದಾಮಿ ಮಾವು ಒತ್ತಿ ನೋಡಿ ಎಸ್ತಾ ಬೆರ್ದೆ ಅಂದ, ಬೆರ್ದೆ ಅಂದ್ರೆ ಹಸಿರು ಅಂತ ಗೊತ್ತು, ಹಣ್ಣು ನೋಡಿದ್ರೆ ಹಳದಿಗೆ ತಿರುಗ್ತಿದೆ, ಈಗಾದ್ರೆ ತಕ್ಷಣ ಗೊತ್ತಾಗುತ್ತೆ, ಎಸ್ ಬೆರ್ದೆ ಅಂದಿದ್ರೆ ಬಣ್ಣ, ಎಸ್ತಾ ಬೆರ್ದೆ ಅಂದ್ರೆ ಇನ್ನೂ ಕಾಯಿ. ಮೈಸೂರ್ ಪಾಕ್ ಬಾಯಿಗಿಟ್ಟು ಎಸ್ತಾ ರೀಕೊ ಅಂದ್ರೆ ರುಚಿಯಾಗಿದೆ, ಅದೇ ಮನುಷ್ಯನಿಗೆ ಎಸ್ ರೀಕೊ ಅಂದ್ರೆ ಸಾಹುಕಾರ.

ಕೊಳ್ಳು ಪಾಠ ಅಂತ ನಾವೇ ಹೆಸರಿಟ್ಟಿರೋದೊಂದಿದೆ, ಅದಕ್ಕೆ ಐದಕ್ಕೆ ಆರು ಸ್ಟಾರ್ ಕೊಡ್ಬಹುದು. ಸ್ಪ್ಯಾನಿಷ್ ಕ್ರಿಯಾಪದದ ಬಾಲಕ್ಕೆ ಸೆ ಸೇರಿದ್ರೆ ಅರ್ಥ ಬದಲಾಗುತ್ತೆ, ಲಾವಾರ್ ಬೇರೆ ಲಾವಾರ್ಸೆ ಬೇರೆ, ಇಂಗ್ಲಿಷಲ್ಲಿ ಎರಡಕ್ಕೂ ವಾಷ್. ನಮ್ಮಲ್ಲಿ ನೋಡಿ, ಪಾತ್ರೆ ತೊಳಿ, ಕೈ ತೊಳ್ಕೋ, ಆ ಕೋ ಅನ್ನೋದೇ ಕೊಳ್ಳು. ಇನ್ನೊಬ್ಬರಿಗೆ ಅಂಗಿ ಹಾಕು, ನೀನು ಅಂಗಿ ಹಾಕ್ಕೋ, ಪೊನೇರ್, ಪೊನೇರ್ಸೆ. ಎರಡು ದೋಸೆ ಉಳಿದಿದೆ ಅನ್ನೋದಕ್ಕೆ ಕೆದಾರ್, ಅತ್ತೆ ಮನೇಲಿ ಉಳ್ಕೋತೀನಿ ಅನ್ನೋದಕ್ಕೆ ಕೆದಾರ್ಸೆ. ಪುರೋಹಿತರು ಮದುವೆ ಮಾಡ್ತಾರೆ, ಕಾಸಾರ್, ನಾವು ಮದುವೆ ಮಾಡ್ಕೋತೀವಿ, ಕಾಸಾರ್ಸೆ. ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಕೈ ತೊಳ್ಕೋ ಅನ್ನುವಾಗ ನಿನ್ನ ಕೈ ಅಂತ ನಾವು ಹೇಳಲ್ಲ, ತೊಳ್ಕೋ ಅಂದ್ಮೇಲೆ ಯಾರ ಕೈ ಅಂತ ಗೊತ್ತಾಯ್ತಲ್ಲ, ಸ್ಪ್ಯಾನಿಷಲ್ಲೂ ಮೆ ಲಾವೊ ಲಾಸ್ ಮಾನೊಸ್, ನನ್ನ ಅನ್ನೋದು ಇಲ್ಲ. ಎಲ್ಲಾ ಸೆನೂ ಕೊಳ್ಳು ಅಲ್ಲ ಮತ್ತೆ, ಕೊಮೇರ್ಸೆ ಅನ್ನೋದು ತಿಂದ್ಬಿಡು, ಒಂದು ಚೂರೂ ಬಿಡದೆ ಪೂರ್ತಿ ಮುಗಿಸಿಬಿಡು ಅನ್ನೋ ಅರ್ಥ, ಈರ್ಸೆ ಅನ್ನೋದು ಹೊರಟುಹೋಗು. ಎಷ್ಟೋ ಕಡೆ ಕೊಳ್ಳು, ಕೆಲವು ಕಡೆ ಬಿಡು ಅಂತ ಇಟ್ಕೊಂಡ್ರೆ ಕೆಲಸ ನಡೆಯುತ್ತೆ.

ಬೇರೆ ಜೋಡಿಗಳು ಬೇಗ ಬೇಗ ಹೇಳ್ತೀನಿ. ವೀಣೆ ನುಡಿಸೋದು ತೊಕಾರ್, ಕಬಡ್ಡಿ ಆಡೋದು ಹುಗಾರ್, ಚೌಡಯ್ಯನವರು ಪಿಟೀಲು ಆಡಿದ್ರು ಅಂತ ಯಾವ ಕನ್ನಡದವರೂ ಹೇಳಲ್ಲ ಅಲ್ವಾ, ಹಾಗಾಗಿ ಇದರಲ್ಲಿ ನಾವು ತಪ್ಪೋದೇ ಇಲ್ಲ. ದೆಹಾರ್ ಅಂದ್ರೆ ಬಿಡು, ಸಿಗರೇಟ್ ಸೇದೋದು ಬಿಟ್ಟ, ಚಾವಿ ಮನೇಲಿ ಬಿಟ್ಟೆ, ನನ್ನನ್ನ ಬಿಡು, ಹೋಗ್ಲಿ ಬಿಡು, ಎಲ್ಲಕ್ಕೂ ಆಗುತ್ತೆ, ಆದ್ರೆ ಟ್ರೈನ್ ಮಂಡ್ಯ ಬಿಡ್ತು ಅನ್ನೋದಕ್ಕೆ ಆಗಲ್ಲ, ಅಲ್ಲಿ ಸಾಲೀರ್, ಹೊರಟಿತು ಅಂತ ಮನಸ್ಸಲ್ಲಿ ಬದಲಾಯಿಸ್ಕೊಂಡು ಹೇಳ್ಬೇಕು. ಫುಯಿ ಅನ್ನೋ ಒಂದೇ ರೂಪ ಸೇರ್‌ಗೂ ಹೋಗು ಅನ್ನೋ ಈರ್‌ಗೂ ಭೂತಕಾಲ, ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ, ಟೀಚರ್ ಆಗಿದ್ದೆ, ಎರಡಕ್ಕೂ ಫುಯಿ, ಮುಂದಿನ ಪದ ನೋಡ್ಕೊಂಡು ಅರ್ಥ ಮಾಡ್ಕೋಬೇಕು. ಮೆ ಸಿಯೆಂತೊ ಕೂಡ ಹಾಗೇ, ಕೂತ್ಕೋತೀನಿ ಅಂತಾನೂ ಆಗುತ್ತೆ, ನನಗೆ ಹೀಗೆ ಅನ್ನಿಸ್ತಿದೆ ಅಂತಾನೂ ಆಗುತ್ತೆ.

ನನಗೆ ಈಗ್ಲೂ ತಪ್ಪೋದು ಬರೋದು ಹೋಗೋದರಲ್ಲಿ. ಕೆಳಗಿಂದ ಯಾರಾದ್ರೂ ಕೂಗಿದ್ರೆ ನಾವು ಬಂದೆ ಬಂದೆ ಅಂತೀವಿ, ಸ್ಪ್ಯಾನಿಷಲ್ಲಿ ಬೊಯ್ ಅನ್ಬೇಕು, ಹೋಗ್ತೀನಿ ಅಂತ. ನಮಗೆ ಕೇಳಿಸ್ಕೊಳ್ಳೋರು ಇರೋ ಜಾಗ ಮುಖ್ಯ, ಅವರಿಗೆ ಮಾತಾಡೋರು ನಿಂತಿರೋ ಜಾಗ ಮುಖ್ಯ. ನಿಮ್ಮನೆಗೆ ಬರ್ತೀನಿ, ಬರುವಾಗ ಸ್ವೀಟ್ ತರ್ತೀನಿ ಅನ್ನೋದು ಅಲ್ಲಿ ನಿಮ್ಮನೆಗೆ ಹೋಗ್ತೀನಿ, ಸ್ವೀಟ್ ತಗೊಂಡು ಹೋಗ್ತೀನಿ, ಅಂದ್ರೆ ತ್ರಾಏರ್ ಅಲ್ಲ ಯೆವಾರ್. ಮನೆಯಿಂದ ಹೊರಡೋವಾಗ ಹೋಗ್ತೀನಿ ಅನ್ನೋದು ನಮ್ಮಮ್ಮ ನಮಗೆ ಯಾವತ್ತೂ ಬಿಟ್ಟಿಲ್ಲ, ಹೋಗಿ ಬರ್ತೀನಿ ಅನ್ನು ಅಂತಿದ್ರು, ಈಗ ಮೆ ಬೊಯ್ ಅಂತ ಬಾಯಲ್ಲಿ ಬರೋಕೆ ಮುಂಚೆ ಮನಸ್ಸು ಒಂದು ಸಲ ಹಿಂದೆ ಮುಂದೆ ನೋಡುತ್ತೆ. ಮೇಡಂ ಇದಕ್ಕೆ ಬರೀ ಎರಡು ಕ್ಲಾಸ್ ಕೊಟ್ರು, ಕಮ್ಮಿ ಆಯ್ತು, ಕನ್ನಡ ಸಹಾಯ ಮಾಡೋ ಕಡೆಗಿಂತ ಕೈ ಕೊಡೋ ಕಡೆ ಪ್ರಾಕ್ಟೀಸ್ ಜಾಸ್ತಿ ಬೇಕು ಅಂತ ನಾನು ಅವರಿಗೂ ಹೇಳಿದೀನಿ.

ಇನ್ನೂ ಕೆಲವು ಕೊರತೆ ಇದೆ. ಪ್ರಿಂಟೆಡ್ ನೋಟ್ಸ್ ಇಲ್ಲ, ಬೋರ್ಡ್ ಫೋಟೋ ತಗೊಂಡು ಮನೇಲಿ ಬರ್ಕೋಬೇಕು, ಒಂದು ಕ್ಲಾಸ್ ತಪ್ಪಿದ್ರೆ ಅದು ತಪ್ಪಿದ ಹಾಗೇ. ಶುರು ಆಗೋದು ಯಾವಾಗ್ಲೂ ಹತ್ತು ಹದಿನೈದು ನಿಮಿಷ ಲೇಟು. ಮೇಡಂ ಇದ್ದಿದ್ದು ಸ್ಪೇನ್‌ನಲ್ಲಿ, ಹಾಗಾಗಿ ಪಾಠ ಪೂರ್ತಿ ಸ್ಪೇನ್ ಕಡೇದು, ನನಗೆ ಬರೋರು ಲ್ಯಾಟಿನ್ ಅಮೆರಿಕದವರೇ ಹೆಚ್ಚು. ಬ್ಯೂನಸ್ ಐರಿಸ್ ಕಡೆಯವರು ಯೆವಾರ್ ಅನ್ನೋದನ್ನ ಶೆವಾರ್ ಅಂತಾರೆ, ನೀನು ಇಂಥವಳು ಅನ್ನೋದಕ್ಕೆ ತು ಎರೆಸ್ ಬದಲು ಬೊಸ್ ಸೊಸ್ ಅಂತಾರೆ, ಇದು ಯಾವುದೂ ಕ್ಲಾಸಲ್ಲಿ ಬಂದಿರಲಿಲ್ಲ. ಅದಕ್ಕಿಂತ ಗಂಭೀರವಾದದ್ದು ಕೊಹೇರ್, ಸ್ಪೇನ್‌ನಲ್ಲಿ ಬಸ್ ಹಿಡಿಯೋದಕ್ಕೆ ದಿನಾ ಹೇಳೋ ಪದ, ಅರ್ಜೆಂಟೀನಾ ಮೆಕ್ಸಿಕೋದಲ್ಲಿ ಅದು ಅಶ್ಲೀಲ, ಅಲ್ಲಿಯವರ ಮುಂದೆ ತೊಮಾರ್ ಅಂತಾನೇ ಹೇಳ್ಬೇಕು. ನನಗೆ ಇದನ್ನ ನಮ್ಮಲ್ಲಿದ್ದ ಒಬ್ಬರು ಅರ್ಜೆಂಟೀನಾದ ಹೆಂಗಸು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿಕೊಟ್ಟಿದ್ದು. ಮೇಡಂಗೆ ಹೇಳಿದಾಗ ಒಪ್ಕೊಂಡು ಮುಂದಿನ ವಾರಾನೇ ಎಲ್ಲರಿಗೂ ಹೇಳಿದ್ರು, ಆದ್ರೆ ಅದು ಮೊದಲ ತಿಂಗಳಲ್ಲೇ ಹೇಳ್ಬೇಕಾದ ವಿಷಯ.

ಸರ್ಟಿಫಿಕೇಟ್ ಬೇಕಾದವರಿಗೆ ಇದು ಸಾಕಾಗಲ್ಲ. ಸ್ಪ್ಯಾನಿಷ್ ಎಷ್ಟು ಬರುತ್ತೆ ಅಂತ ಅಳೆಯೋ ದೆಲೆ ಪರೀಕ್ಷೆ ನಡೆಸೋದು ಸ್ಪೇನ್ ಸರ್ಕಾರದ ಭಾಷಾ ಸಂಸ್ಥೆ ಇನ್‌ಸ್ತಿತೂತೊ ಸೆರ್ಬಾಂತೆಸ್, ದೆಹಲಿಯಲ್ಲಿ ಅವರ ಕೇಂದ್ರ 2009ರಿಂದ ಇದೆ, ಎ1ರಿಂದ ಸಿ2 ತನಕ ಆರು ಹಂತ, ಒಂದು ಸಲ ಪಾಸಾದ್ರೆ ಅದಕ್ಕೆ ಎಕ್ಸ್‌ಪೈರಿ ಇಲ್ಲ. ಅದಕ್ಕೆ ಬೇಕಾದ ಕೇಳುವ ಅಭ್ಯಾಸ, ಬರೆಯೋ ಅಭ್ಯಾಸ ಇಲ್ಲಿ ಕಮ್ಮಿ, ಬೇರೆ ಕಡೆ ಮಾಡ್ಕೋಬೇಕು. ನಮ್ಮ ಬ್ಯಾಚಿನ ಒಬ್ಬಳು ಹುಡುಗಿ ಇಲ್ಲಿ ಕ್ರಿಯಾಪದ ಕಲ್ತು, ಮನೇಲಿ ಸ್ಪ್ಯಾನಿಷ್ ರೇಡಿಯೋ ಹಾಕ್ಕೊಂಡು ಕೂರ್ತಾಳೆ, ಅದು ಒಳ್ಳೆ ದಾರಿ ಅನ್ನಿಸುತ್ತೆ.

ಹೋಗೋರಿಗೆ ಒಂದೆರಡು ಮಾತು. ಇನ್ನೂರು ಪೇಜಿನ ಗೆರೆ ಇಲ್ಲದ ನೋಟ್‌ಬುಕ್ ತಗೊಂಡು ಹೋಗಿ, ಆ ಮಧ್ಯದ ಗೆರೆ ಎಳೆಯೋಕೆ ಅದೇ ವಾಸಿ. ಗಾಡಿ ಪಕ್ಕದ ಮನೆ ಗೇಟ್ ಮುಂದೆ ನಿಲ್ಲಿಸ್ಬೇಡಿ, ಅಲ್ಲಿ ವಯಸ್ಸಾದವರಿದಾರೆ. ಮಂಡ್ಯದಿಂದ ಬರೋರಿಗೆ ಟ್ರೈನೇ ಅನುಕೂಲ, ನಮ್ಮ ಬ್ಯಾಚಲ್ಲಿ ಒಬ್ಬರು ಹಾಗೇ ಬರ್ತಾರೆ, ದಾರೀಲಿ ಹತ್ತು ಕ್ರಿಯಾಪದ ತಿರುವಿ ಹಾಕೋಕೆ ಟೈಮ್ ಸಿಗುತ್ತೆ ಅಂತಾರೆ. ಹೊಸ ಬ್ಯಾಚ್ ದಸರಾ ಆದ್ಮೇಲೆ.

ಮುಂದಿನ ತಿಂಗಳು ಪೋರ್ ಮತ್ತೆ ಪಾರಾ ಇದೆ, ಅದು ಕ್ರಿಯಾಪದ ಅಲ್ಲ ಆದ್ರೆ ಕ್ರಿಯಾಪದದ ಬೆನ್ನಿಗೇ ಅಂಟ್ಕೊಂಡು ಬರುತ್ತೆ, ಒಂದಕ್ಕೆ ನಮ್ಮ ಇಂದ, ಇನ್ನೊಂದಕ್ಕೆ ನಮ್ಮ ಗೋಸ್ಕರ ಅಂತ ಮೇಡಂ ಸುಳಿವು ಮಾತ್ರ ಕೊಟ್ಟಿದಾರೆ, ಎಷ್ಟು ದೂರ ಸಾಗುತ್ತೆ ನೋಡ್ಬೇಕು, ಕ್ಲಾಸ್ ಮುಗಿದ್ಮೇಲೆ ಇದರ ಕೆಳಗೇ ಸೇರಿಸ್ತೀನಿ.